ವಯಸ್ಸಿನ ತಲೆಗೆ ಕಟ್ಟಿದ ತಪ್ಪು

ಇಂಟರ್‌ನೆಟ್ ಬರುತ್ತೆ ಹೋಗುತ್ತೆ, ಒಂದು ಕೆಲಸವೂ ಆಗುತ್ತಿಲ್ಲ ಎಂದು ಯಾರಾದರೂ ಹೇಳಿಕೊಂಡರೆ ಎದುರಿಗಿದ್ದವರು ಕೇಳುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ: ಕಂಪ್ಯೂಟರ್ ತಗೊಂಡು ಎಷ್ಟು ವರ್ಷ ಆಯ್ತು? ಎಂಟೋ ಹತ್ತೋ ಎಂದು ಉತ್ತರ ಬಂದರೆ ವಿಚಾರಣೆ ಅಲ್ಲಿಗೆ ಮುಗಿಯಿತು. ಅಂಗಡಿಯವರು, ಸಂಪರ್ಕ ಕೊಟ್ಟ ಕಂಪನಿಯಿಂದ ಬಂದ ಹುಡುಗ, ಎಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗ, ದೂರದ ಊರಿನಿಂದ ಫೋನಿನಲ್ಲೇ ಸಲಹೆ ಕೊಡುವ ಮಗಳು, ಎಲ್ಲರದೂ ಒಂದೇ ತೀರ್ಪು: ಹಳೇದಾಯ್ತು, ಹೊಸದು ತಗೊಳ್ಳಿ. ಸಾಕ್ಷಿ ಕೇಳದೆ, ಪರೀಕ್ಷೆ ಮಾಡದೆ, ಹುಟ್ಟಿದ ವರ್ಷವನ್ನಷ್ಟೇ ನೋಡಿ ಕೊಟ್ಟ ಈ ತೀರ್ಪಿನಿಂದ ಎಷ್ಟೋ ಒಳ್ಳೆಯ ಯಂತ್ರಗಳು ಅಟ್ಟ ಸೇರಿವೆ. ಹೊಸದು ಬಂದ ಮೇಲೂ ನೆಟ್ ಹಾಗೆಯೇ ಬಂದು ಹೋಗುತ್ತಿರುವ ಮನೆಗಳೂ ಕಡಿಮೆಯಿಲ್ಲ.

ಈ ತೀರ್ಪು ಆಗೊಮ್ಮೆ ಈಗೊಮ್ಮೆ ತಪ್ಪುತ್ತದೆ ಎಂದಷ್ಟೇ ಹೇಳಿ ಬಿಡುವಂತಿಲ್ಲ. ಅದರ ತರ್ಕವೇ ತಲೆಕೆಳಗಾಗಿದೆ. ವಯಸ್ಸು ಒಂದು ಯಂತ್ರಕ್ಕೆ ಮಿತಿಯನ್ನು ಹಾಕುತ್ತದೆ, ಆ ಮಿತಿ ಸದಾ ಒಂದೇ ಇರುತ್ತದೆ. 2003ರಲ್ಲಿ ಬಂದ 802.11ಜಿ ಮಾನದಂಡದ ವೈ-ಫೈ ಕಾರ್ಡು ಕಾಗದದ ಮೇಲೆ ಸೆಕೆಂಡಿಗೆ 54 ಮೆಗಾಬಿಟ್‌ನದು. ಬಳಕೆಯಲ್ಲಿ ಸಿಗುವುದು ಇಪ್ಪತ್ತರ ಆಸುಪಾಸು. ಆ ಇಪ್ಪತ್ತು ಬೆಳಿಗ್ಗೆಯೂ ಅಷ್ಟೇ, ರಾತ್ರಿಯೂ ಅಷ್ಟೇ; ಮಳೆಗಾಲ, ಬೇಸಿಗೆ ಎಂಬ ಭೇದ ಅದಕ್ಕಿಲ್ಲ. ಅದು ನಿಧಾನ ಇರಬಹುದು, ಆದರೆ ನಿಧಾನವಾಗಿಯೇ ಇರುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಚೆನ್ನಾಗಿ ನಡೆದು ಸಂಜೆ ಏಳಕ್ಕೆ ಕೈಕೊಡುವ ಸಂಪರ್ಕಕ್ಕೆ ಕಂಪ್ಯೂಟರಿನ ವಯಸ್ಸು ಕಾರಣವಾಗಬೇಕಾದರೆ ಆ ಎಂಟು ತಾಸಿನಲ್ಲಿ ವಯಸ್ಸು ಬದಲಾಗಿರಬೇಕು. ಬದಲಾಗಿಲ್ಲ. ಹಾಗಾದರೆ ಆ ಹೊತ್ತಿನೊಳಗೆ ಬೇರೆ ಏನೋ ಬದಲಾಗಿದೆ. ಬಂದು ಹೋಗುವ ತೊಂದರೆಯ ಕಾರಣವೂ ಬಂದು ಹೋಗುವಂಥದ್ದೇ ಆಗಿರಬೇಕು. ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಅರ್ಧ ತಪಾಸಣೆ ಮುಗಿದಂತೆ.

ಇನ್ನೊಂದು ಲೆಕ್ಕ. ಯೂಟ್ಯೂಬಿನಲ್ಲಿ 1080 ಗಾತ್ರದ ಚೊಕ್ಕ ವಿಡಿಯೋ ನೋಡಲು ಸೆಕೆಂಡಿಗೆ 5 ಮೆಗಾಬಿಟ್ ಇದ್ದರೆ ಸಾಕು, 720 ಗಾತ್ರಕ್ಕೆ ಅದರ ಅರ್ಧ ಸಾಕು ಎಂದು ಆ ಕಂಪನಿಯೇ ಹೇಳುತ್ತದೆ. ಅಂದರೆ ಎರಡು ದಶಕದ ಹಿಂದಿನ ವೈ-ಫೈ ಕಾರ್ಡು ಕೂಡ ಅದರ ಮೂರು ನಾಲ್ಕು ಪಟ್ಟು ಕೊಡಬಲ್ಲದು. ಕೇಬಲ್ ಚುಚ್ಚುವ ತೂತಿನ ಕಥೆಯೂ ಇದೇ: ಸೆಕೆಂಡಿಗೆ 100 ಮೆಗಾಬಿಟ್‌ನ ಎತರ್‌ನೆಟ್ ಮಾನದಂಡ ಬಂದದ್ದು 1995ರಲ್ಲಿ. ನಮ್ಮ ಮನೆಗಳಿಗೆ ಬರುವ ಎಷ್ಟೋ ಫೈಬರ್ ಪ್ಲಾನುಗಳು ಇಂದಿಗೂ ಆ ನೂರರೊಳಗೇ ಇವೆ. ಹಳೆಯ ಕಂಪ್ಯೂಟರಿಗೆ ಇಂದಿನ ನೆಟ್ ಹಿಡಿಸುವುದಿಲ್ಲ ಎಂಬ ಮಾತು ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ.

ಆದರೂ ಎದುರು ಪಕ್ಷದವರ ಬಳಿ ಒಂದು ಬಲವಾದ ವಾದವಿದೆ. ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. “ಫೋನಿನಲ್ಲಿ ಚೆನ್ನಾಗಿ ಬರುತ್ತೆ, ಅದೇ ವೈ-ಫೈ. ಕಂಪ್ಯೂಟರಿನಲ್ಲಿ ಮಾತ್ರ ಬರಲ್ಲ. ಅಂದ ಮೇಲೆ ತಪ್ಪು ಕಂಪ್ಯೂಟರಿನದೇ ಅಲ್ಲವೇ?” ಕೇಳಲು ಇದು ಸರಿಯಾದ ಹೋಲಿಕೆ. ಬಿಡಿಸಿ ನೋಡಿದರೆ ಇದರಲ್ಲಿ ಸಮಾನವಾದದ್ದು ವೈ-ಫೈಯ ಹೆಸರೊಂದೇ. ಮೊದಲನೆಯದಾಗಿ, ವೈ-ಫೈ ಸೊರಗಿದ ಕೂಡಲೇ ಬಹಳಷ್ಟು ಫೋನುಗಳು ಸದ್ದಿಲ್ಲದೆ ಸಿಮ್ಮಿನ ಡೇಟಾಗೆ ಹೊರಳುತ್ತವೆ. ಮನೆಯ ಲೈನು ಸತ್ತಿದ್ದರೂ ಫೋನು ಹಿಡಿದವರಿಗೆ ಅದು ತಿಳಿಯುವುದಿಲ್ಲ. ಎರಡನೆಯದಾಗಿ, ಇಂದಿನ ಫೋನು 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕೂತಿರುತ್ತದೆ. ಎಷ್ಟೋ ಹಳೆಯ ಲ್ಯಾಪ್‌ಟಾಪುಗಳಿಗೆ ಸಿಗುವುದು 2.4 ಗಿಗಾಹರ್ಟ್ಸ್ ಒಂದೇ. ರೌಟರು ಒಂದೇ ಆದರೂ ಇವೆರಡು ಬೇರೆ ಬೇರೆ ದಾರಿಗಳು, ಅವುಗಳ ದಟ್ಟಣೆಯೂ ಬೇರೆ. ಮೂರನೆಯದು ಎಲ್ಲಕ್ಕಿಂತ ಸರಳ, ಆದರೆ ಯಾರೂ ಗಮನಿಸುವುದಿಲ್ಲ: ಫೋನು ಕೈಯಲ್ಲಿದೆ, ಮನುಷ್ಯ ಹೋದಲ್ಲೆಲ್ಲ ಹೋಗುತ್ತದೆ, ಸಿಗ್ನಲ್ ಇಲ್ಲದ ಮೂಲೆಯಿಂದ ನಮಗೇ ಅರಿವಿಲ್ಲದೆ ಈಚೆಗೆ ಬರುತ್ತದೆ. ಮೇಜಿನ ಕಂಪ್ಯೂಟರು ಎರಡು ಗೋಡೆಯಾಚೆಯ ಕೋಣೆಯಲ್ಲಿ, ಕಬ್ಬಿಣದ ಬೀರುವಿನ ಪಕ್ಕದಲ್ಲಿ ವರ್ಷಗಟ್ಟಲೆ ಒಂದೇ ಕಡೆ ಕೂತಿರುತ್ತದೆ. ಕರಾವಳಿಯ ಕೆಂಪುಕಲ್ಲಿನ ಗೋಡೆಯಾಗಲಿ, ಬಯಲುಸೀಮೆಯ ಹಳೆಯ ಮನೆಗಳ ಮಣ್ಣಿನ ದಪ್ಪ ಗೋಡೆಯಾಗಲಿ ರೇಡಿಯೋ ಅಲೆಗೆ ಸುಲಭದ ದಾರಿಯಲ್ಲ.

ನ್ಯಾಯವಾದ ಹೋಲಿಕೆ ಬೇಕೆಂದರೆ ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ಅದನ್ನು ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟು, 2.4ರ ಪಟ್ಟಿಗೇ ಜೋಡಿಸಿ, ಇಡೀ ಸಂಜೆ ಎರಡನ್ನೂ ಗಮನಿಸಬೇಕು. ಹೀಗೆ ಮಾಡಿದಾಗ ಎರಡೂ ಒಟ್ಟಿಗೇ ತಡವರಿಸುವುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಫೋನು ಗೆದ್ದೇ ಗೆದ್ದಿತು ಎಂದಾದರೆ ಆಗ ಕಂಪ್ಯೂಟರನ್ನು ಅನುಮಾನಿಸೋಣ. ಆ ಪರೀಕ್ಷೆಗೆ ಮೊದಲು ಬೇಡ.

ತಪ್ಪು ಎಲ್ಲಿದೆ ಎಂದು ತೋರಿಸುವ ಉಪಕರಣ ಎಲ್ಲ ಹಳೆಯ ಕಂಪ್ಯೂಟರಿನೊಳಗೂ ಇದೆ, ಕಾಸು ಕೊಡಬೇಕಿಲ್ಲ. ಪಿಂಗ್ ಎಂಬ ಪುಟ್ಟ ಆಜ್ಞೆ ಅದು. ವಿಂಡೋಸಿನಲ್ಲಿ ಕಮಾಂಡ್ ಪ್ರಾಂಪ್ಟಿನ ಕಪ್ಪು ಕಿಟಕಿ ತೆರೆದು ಮೊದಲು ರೌಟರಿನ ವಿಳಾಸಕ್ಕೆ ಪಿಂಗ್ ಕೊಡಬೇಕು. ಹಲವು ಮನೆಗಳಲ್ಲಿ ಅದು 192.168.1.1. ಆಮೇಲೆ ಹೊರಜಗತ್ತಿನ ಒಂದು ಅಂಕಿ ವಿಳಾಸಕ್ಕೆ, ಉದಾಹರಣೆಗೆ ಗೂಗಲ್ಲಿನ 8.8.8.8ಕ್ಕೆ. ಕೊನೆಗೆ ಯಾವುದಾದರೂ ಜಾಲತಾಣದ ಹೆಸರಿಗೆ. ರೌಟರಿನಿಂದಲೇ ಉತ್ತರ ತಪ್ಪುತ್ತಿದ್ದರೆ ತೊಂದರೆ ಮನೆಯೊಳಗಿನದು: ವೈ-ಫೈ, ಕೇಬಲ್ಲು, ಕಾರ್ಡು, ಇಲ್ಲವೇ ರೌಟರೇ. ರೌಟರು ತಪ್ಪದೆ ಉತ್ತರಿಸುತ್ತಿದ್ದು 8.8.8.8 ಮಾತ್ರ ಮೌನವಾದರೆ ತೊಂದರೆ ಹೊಸಿಲಿನಾಚೆ ಇದೆ, ಕಂಪ್ಯೂಟರಿಗೂ ಅದಕ್ಕೂ ಸಂಬಂಧವಿಲ್ಲ. ಅಂಕಿಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ಹೆಸರನ್ನು ಅಂಕಿಯಾಗಿಸುವ ಡಿಎನ್‌ಎಸ್ ವ್ಯವಸ್ಥೆ ಕೆಟ್ಟಿದೆ. ರೌಟರಿನ ಸೆಟ್ಟಿಂಗಿನಲ್ಲಿ ಬೇರೆ ಡಿಎನ್‌ಎಸ್ ವಿಳಾಸ ಹಾಕಿದರೆ ಮುಗಿಯಿತು. ಕಂಪ್ಯೂಟರಿಗೆ ಸಿಕ್ಕ ವಿಳಾಸವೇ 169.254 ಎಂದು ಶುರುವಾಗಿದ್ದರೆ ರೌಟರು ಅದಕ್ಕೆ ವಿಳಾಸ ಕೊಟ್ಟೇ ಇಲ್ಲ ಎಂದರ್ಥ. ಆಜ್ಞೆಯ ಕೊನೆಗೆ ಒಂದು ಅಡ್ಡಗೆರೆ ಹಾಕಿ ಟಿ ಅಕ್ಷರ (-t) ಸೇರಿಸಿದರೆ ಪಿಂಗ್ ತಾನಾಗಿ ನಿಲ್ಲುವುದಿಲ್ಲ. ರೌಟರಿಗೊಂದು, ಹೊರಗಿನದಕ್ಕೊಂದು, ಎರಡು ಕಿಟಕಿ ಅಕ್ಕಪಕ್ಕ ತೆರೆದಿಟ್ಟು ನಿಮ್ಮ ಕೆಲಸ ಮಾಡಿಕೊಳ್ಳಿ. ನೆಟ್ ಹೋದ ಕ್ಷಣದಲ್ಲಿ ಯಾವ ಕಿಟಕಿ ನಿಂತಿತು ಎಂದು ನೋಡಿ. ಹೊಸ ಕಂಪ್ಯೂಟರ್ ಮಾರಲು ಬಂದವರು ಇಷ್ಟನ್ನು ಮಾಡಿ ತೋರಿಸಿದ್ದನ್ನು ನಾನು ನೋಡಿಲ್ಲ.

ಹೊಸಿಲಿನಾಚೆಯ ಕಾರಣಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ತಾಮ್ರದ ತಂತಿಯ ದೂರವಾಣಿ ಲೈನು ಇನ್ನೂ ಉಳಿದಿರುವ ಕಡೆ ಮಳೆ ಹಿಡಿದರೆ ಕಂಬದ ಮೇಲಿನ ಜೋಡಣೆಯಲ್ಲಿ ನೀರಿಳಿಯುತ್ತದೆ. ಫೋನ್ ಎತ್ತಿದರೆ ಕರಕರ ಸದ್ದು, ಮೋಡೆಮ್ಮಿನ ದೀಪ ಮತ್ತೆ ಮತ್ತೆ ಮಿಟುಕಿ ಹೊಸದಾಗಿ ಜೋಡಿಸಿಕೊಳ್ಳುವ ಪಾಡು. ಫೋನು ರಿಂಗಾದಾಗಲೆಲ್ಲ ನೆಟ್ ಕಡಿಯುತ್ತಿದ್ದರೆ ಧ್ವನಿಯನ್ನೂ ಡೇಟಾವನ್ನೂ ಬೇರ್ಪಡಿಸುವ ಸ್ಪ್ಲಿಟರ್ ಕೆಟ್ಟಿದೆ ಅಥವಾ ಹಾಕಿಯೇ ಇಲ್ಲ. ಫೈಬರಿಗೆ ನೀರಿನ ಭಯ ಕಡಿಮೆ, ಆದರೆ ಕಂಬದಿಂದ ಮನೆಗೆ ತೂಗಿಬಿಟ್ಟ ಎಳೆಯ ಮೇಲೆ ತೆಂಗಿನ ಗರಿ ಬೀಳುತ್ತದೆ, ಕಿಟಕಿ ಸಂದಿಯಲ್ಲಿ ಎಳೆ ಚೂಪಾಗಿ ಬಾಗುತ್ತದೆ, ಬಾಗಿದಲ್ಲಿ ಬೆಳಕು ಸೋರುತ್ತದೆ. ಫೈಬರ್ ಪೆಟ್ಟಿಗೆಯ ಮೇಲೆ ಎಲ್‌ಒಎಸ್ ಎಂದು ಬರೆದ ಕೆಂಪು ದೀಪ ಹೊತ್ತಿದರೆ ಬೆಳಕೇ ಬರುತ್ತಿಲ್ಲ ಎಂದರ್ಥ; ಅಲ್ಲಿಂದಾಚೆ ಕಂಪ್ಯೂಟರನ್ನು ನೂರು ಸಲ ರೀಸ್ಟಾರ್ಟ್ ಮಾಡುವುದು ಬಾವಿಯಲ್ಲಿ ನೀರಿಲ್ಲದಾಗ ಕೊಡ ಬದಲಿಸಿದಂತೆ.

ಎಲ್ಲಕ್ಕಿಂತ ಹೆಚ್ಚಾಗಿ ಕಣ್ತಪ್ಪುವುದು ಕರೆಂಟು. ರೌಟರಿಗೂ ಫೈಬರ್ ಪೆಟ್ಟಿಗೆಗೂ ಬರುವ ಅಡಾಪ್ಟರು ಹೆಚ್ಚಾಗಿ 12 ವೋಲ್ಟಿನದು, ಅಗ್ಗದ್ದು, ವರ್ಷವಿಡೀ ಬಿಸಿಯಲ್ಲೇ ಇರುವಂಥದ್ದು. ಅದರೊಳಗಿನ ಕೆಪಾಸಿಟರು ಒಣಗುತ್ತ ಬಂದಂತೆ ವೋಲ್ಟೇಜು ಸ್ವಲ್ಪ ಕುಸಿದರೂ ರೌಟರು ಕುಸಿಯುತ್ತದೆ. ಮನೆಯ ನೀರೆತ್ತುವ ಮೋಟಾರು ಶುರುವಾದಾಗ, ಊರಿನ ಪಂಪ್‌ಸೆಟ್ಟುಗಳಿಗೆ ಕರೆಂಟು ಬಿಟ್ಟಾಗ ದೀಪ ಮಂಕಾಗುವುದನ್ನು ನಾವೆಲ್ಲ ನೋಡಿದ್ದೇವೆ. ಆ ಅರೆಕ್ಷಣದಲ್ಲಿ ರೌಟರು ಸತ್ತು ಹುಟ್ಟಿ ಮತ್ತೆ ನೆಟ್ ತರಲು ಒಂದೆರಡು ನಿಮಿಷ ತೆಗೆದುಕೊಳ್ಳುತ್ತದೆ. ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ಏನೂ ಆಗದಂತೆ ನಡೆಯುತ್ತಿರುತ್ತದೆ. ಆದರೆ ನೆಟ್ ಇಲ್ಲ ಎಂಬ ಸಂದೇಶ ತೋರಿಸಿದ್ದು ಅದೇ ಆದ್ದರಿಂದ ಬೈಗುಳವೂ ಅದಕ್ಕೇ. ರೌಟರಿನ ಸೆಟ್ಟಿಂಗ್ ಪುಟದೊಳಗೆ ಹೋದರೆ ಅದು ಎಷ್ಟು ಹೊತ್ತಿನಿಂದ ಎದ್ದಿದೆ ಎಂಬ ಲೆಕ್ಕ ಬಹಳಷ್ಟು ಮಾದರಿಗಳಲ್ಲಿ ಸಿಗುತ್ತದೆ. ತಿಂಗಳಿಂದ ಆರಿಸದ ರೌಟರು ನಲವತ್ತು ನಿಮಿಷದಿಂದ ಎದ್ದಿದೆ ಎಂದು ತೋರಿಸಿದರೆ ಉತ್ತರ ನಿಮ್ಮ ಕಣ್ಣ ಮುಂದಿದೆ. ಬೇಕಾಗಿರುವುದು ಹೊಸ ಅಡಾಪ್ಟರು, ಸಾಧ್ಯವಾದರೆ ರೌಟರಿಗೊಂದು ಪುಟ್ಟ ಯುಪಿಎಸ್. ಹೊಸ ಕಂಪ್ಯೂಟರಲ್ಲ.

ಮನೆಯೊಳಗಿನ ಗಾಳಿಯೂ ಬದಲಾಗುತ್ತಿರುತ್ತದೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದಕ್ಕೊಂದು ತಾಗದ ಚಾನೆಲ್ಲುಗಳು ಮೂರೇ: 1, 6, 11. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಹತ್ತಾರು ರೌಟರುಗಳು ಆ ಮೂರರಲ್ಲೇ ನುಸುಳಬೇಕು. ಮೈಕ್ರೋವೇವ್ ಒಲೆ, ಬ್ಲೂಟೂತ್, ಕಳಪೆ ಹೊದಿಕೆಯ ಯುಎಸ್‌ಬಿ 3 ತಂತಿಗಳು ಕೂಡ ಅದೇ ಜಾಗದಲ್ಲಿ ಸದ್ದು ಮಾಡುತ್ತವೆ. ಎಲ್ಲರೂ ಕೆಲಸ ಮುಗಿಸಿ ಬಂದ ಸಂಜೆ ಏಳರಿಂದ ಹತ್ತರವರೆಗೆ ನೆಟ್ ಹೋಗುವುದಕ್ಕೆ ಇದಕ್ಕಿಂತ ಬೇರೆ ವಿವರಣೆ ಎಷ್ಟೋ ಸಲ ಬೇಕಾಗುವುದಿಲ್ಲ. ಚಾನೆಲ್ಲನ್ನು ಕೈಯಾರೆ ಆರಿಸಿ, ಅಗಲವನ್ನು 40ರಿಂದ 20 ಮೆಗಾಹರ್ಟ್ಸಿಗೆ ಇಳಿಸಿದರೆ ವೇಗ ತುಸು ತಗ್ಗಿ ಸ್ಥಿರತೆ ಬರುತ್ತದೆ. ಹಳೆಯ ಯಂತ್ರಕ್ಕೆ ಬೇಕಾದದ್ದು ಅದೇ.

ಚಾನೆಲ್ಲುಗಳದೇ ಒಂದು ವಿಚಿತ್ರ ಪ್ರಸಂಗ ನಮ್ಮವರಿಗೆ ವಿಶೇಷವಾಗಿ ತಾಗುವಂಥದ್ದು. ಅಮೆರಿಕದಲ್ಲಿರುವ ಮಕ್ಕಳು ತಾವು ಬಳಸಿದ ಲ್ಯಾಪ್‌ಟಾಪನ್ನು ಊರಿನ ಅಪ್ಪ ಅಮ್ಮನಿಗೆ ತಂದುಕೊಡುವುದು ಎಷ್ಟೋ ಕನ್ನಡ ಮನೆಗಳ ರೂಢಿ. ಅಲ್ಲಿನ ಮಾರುಕಟ್ಟೆಗೆ ತಯಾರಾದ ಬಹಳಷ್ಟು ವೈ-ಫೈ ಕಾರ್ಡುಗಳು 11ನೆಯ ಚಾನೆಲ್ಲಿನವರೆಗೆ ಮಾತ್ರ ಕೇಳಿಸಿಕೊಳ್ಳುತ್ತವೆ. ಇಲ್ಲಿನ ರೌಟರುಗಳಿಗೆ 12, 13 ಕೂಡ ಲಭ್ಯ. ಚಾನೆಲ್ಲನ್ನು ತಾನೇ ಆರಿಸಿಕೊಳ್ಳಲು ಬಿಟ್ಟ ರೌಟರು ಒಂದು ದಿನ 6ರಲ್ಲಿರುತ್ತದೆ, ಇನ್ನೊಂದು ದಿನ ರೀಸ್ಟಾರ್ಟ್ ಆಗಿ 13ಕ್ಕೆ ಹೋಗುತ್ತದೆ. ಆ ದಿನ ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಮನೆಯ ವೈ-ಫೈಯ ಹೆಸರೇ ಕಾಣುವುದಿಲ್ಲ. ಪಕ್ಕದ ಮನೆಯವರದು ಕಾಣುತ್ತದೆ, ಫೋನಿಗೆ ಎಲ್ಲವೂ ಕಾಣುತ್ತದೆ. ಇದನ್ನು ನೋಡಿದ ಯಾರೇ ಆಗಲಿ ಲ್ಯಾಪ್‌ಟಾಪ್ ಹೋಯಿತು ಎಂದೇ ಹೇಳುತ್ತಾರೆ. ರೌಟರನ್ನು 11ಕ್ಕೋ 6ಕ್ಕೋ ಕಟ್ಟಿಹಾಕಿದರೆ ಆ ಲ್ಯಾಪ್‌ಟಾಪ್ ಮರುಕ್ಷಣವೇ ಜೋಡಿಸಿಕೊಳ್ಳುತ್ತದೆ.

ಹೊಸ ರೌಟರು ಬಂದ ದಿನದಿಂದ ಹಳೆಯ ಕಂಪ್ಯೂಟರು ತಕರಾರು ಶುರುಮಾಡಿದರೆ ಇನ್ನೆರಡನ್ನು ನೋಡಬೇಕು. ಒಂದು, ಎರಡೂ ಪಟ್ಟಿಗಳಿಗೆ ಒಂದೇ ಹೆಸರಿಟ್ಟು ಯಂತ್ರಗಳನ್ನು ಅತ್ತಿತ್ತ ತಳ್ಳುವ ವ್ಯವಸ್ಥೆ. ಹಳೆಯ ಕಾರ್ಡುಗಳಿಗೆ ಇದು ಗೊಂದಲ, 2.4ಕ್ಕೆ ಬೇರೆ ಹೆಸರು ಕೊಟ್ಟರೆ ನೆಮ್ಮದಿ. ಎರಡು, ಪಾಸ್‌ವರ್ಡ್ ಕಾಯುವ ವಿಧಾನ. 2018ರಲ್ಲಿ ಬಂದ ಡಬ್ಲ್ಯುಪಿಎ3ಯನ್ನೇ ಹಠ ಹಿಡಿದ ರೌಟರಿನ ಮುಂದೆ ಅದನ್ನು ಅರಿಯದ ಕಾರ್ಡು ಸೋಲುತ್ತದೆ. ಡಬ್ಲ್ಯುಪಿಎ2, ಎಇಎಸ್ ಎಂದು ಬದಲಿಸಿದರೆ ಕೂಡಿಕೊಳ್ಳುತ್ತದೆ. ಫೋನಿನ ಹಾಟ್‌ಸ್ಪಾಟ್ ಲ್ಯಾಪ್‌ಟಾಪಿಗೆ ಕಾಣದಿರುವುದಕ್ಕೂ ಸಾಮಾನ್ಯ ಕಾರಣ ಅದು 5 ಗಿಗಾಹರ್ಟ್ಸಿನಲ್ಲಿ ತೆರೆದಿರುವುದು. ಅಲ್ಲೂ 2.4ರ ಆಯ್ಕೆ ಇರುತ್ತದೆ. ಅದೂ ಬೇಡವೆಂದರೆ ಚಾರ್ಜರಿನ ತಂತಿಯಿಂದಲೇ ಫೋನನ್ನು ಕಂಪ್ಯೂಟರಿಗೆ ಚುಚ್ಚಿ ಯುಎಸ್‌ಬಿ ಟೆದರಿಂಗ್ ಹಾಕಬಹುದು. ವಿಂಡೋಸ್ 7 ಕೂಡ ಇದನ್ನು ಒಪ್ಪುತ್ತದೆ. ವೈ-ಫೈ ಕಾರ್ಡು ಪೂರ್ತಿ ಬದಿಗೆ ಸರಿದ ಈ ಸ್ಥಿತಿಯಲ್ಲಿ ನೆಟ್ ನೆಟ್ಟಗೆ ನಡೆದರೆ ಅನುಮಾನಿಸಬೇಕಾದದ್ದು ಆ ಕಾರ್ಡನ್ನೋ ರೌಟರಿನ ವೈ-ಫೈಯನ್ನೋ ಮಾತ್ರ, ಇಡೀ ಕಂಪ್ಯೂಟರನ್ನಲ್ಲ. ಕಾರ್ಡೇ ಸೋತಿದ್ದರೂ ಕೆಲವು ನೂರು ರೂಪಾಯಿಯ ಯುಎಸ್‌ಬಿ ವೈ-ಫೈ ತುಂಡು ಅದರ ಕೆಲಸ ಮಾಡುತ್ತದೆ.

ಕಂಪ್ಯೂಟರ್ ಬದಲಿಸಿ ಎಂಬುದರ ಬೆನ್ನಿಗೇ ಬರುವ ಎರಡನೆಯ ಸಲಹೆ ಪ್ಲಾನ್ ಏರಿಸಿ ಎಂಬುದು. ನೂರರ ಬದಲು ಇನ್ನೂರು ತೆಗೆದುಕೊಂಡರೆ ಕಡಿಯುವ ಲೈನು ಕಡಿಯುವುದು ನಿಲ್ಲುವುದಿಲ್ಲ. ಕಡಿಯದ ಹೊತ್ತಿನಲ್ಲಿ ಹೆಚ್ಚು ಓಡುತ್ತದೆ ಅಷ್ಟೇ. ಸ್ಪೀಡ್ ಟೆಸ್ಟ್ ತೋರಿಸಿ ಎಲ್ಲ ಸರಿಯಿದೆ ಎಂದು ಹೊರಟುಬಿಡುವವರ ವಾದವೂ ಇಂಥದ್ದೇ. ಆ ಪರೀಕ್ಷೆ ಹತ್ತಿರದ ಒಂದು ಸರ್ವರಿನಿಂದ ಕೆಲವೇ ಸೆಕೆಂಡು ಗರಿಷ್ಠ ಎಷ್ಟು ಬಂತು ಎಂದು ಹೇಳುತ್ತದೆ, ಹತ್ತು ನಿಮಿಷದ ಹಿಂದೆ ಏಕೆ ಕಡಿಯಿತು ಎಂದು ಹೇಳುವುದಿಲ್ಲ. ಮನೆಯಲ್ಲಿ ಮೂವರ ಫೋನುಗಳು ಮದುವೆಯ ವಿಡಿಯೋಗಳನ್ನು ಕ್ಲೌಡಿಗೆ ಏರಿಸುತ್ತಿದ್ದರೆ ಮೇಲ್ಮುಖದ ದಾರಿ ತುಂಬಿಹೋಗುತ್ತದೆ. ಅದು ತುಂಬಿದರೆ ಕೆಳಮುಖದ ದಾರಿ ಖಾಲಿ ಇದ್ದರೂ ಪುಟ ತೆರೆಯುವುದಿಲ್ಲ, ಏಕೆಂದರೆ ಪುಟ ಕೇಳುವ ಸಂದೇಶವೇ ಹೊರಗೆ ಹೋಗಲು ಸಾಲಿನಲ್ಲಿ ಕಾಯುತ್ತಿರುತ್ತದೆ. ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು 2023ರ ಜನವರಿಯಲ್ಲಿ 512 ಕಿಲೋಬಿಟ್‌ನಿಂದ 2 ಮೆಗಾಬಿಟ್ಟಿಗೆ ಏರಿಸಿದರು. ಆ ವ್ಯಾಖ್ಯೆ ವೇಗವನ್ನು ಅಳೆಯುತ್ತದೆ, ನಾವು ಕೊಳ್ಳುವಾಗಲೂ ವೇಗವನ್ನೇ ಕೇಳುತ್ತೇವೆ. ದಿನಕ್ಕೆ ಎಷ್ಟು ಸಲ ಕಡಿಯುತ್ತದೆ ಎಂದು ಕೇಳಿ ಲೈನು ಹಾಕಿಸಿಕೊಂಡವರು ಯಾರಿದ್ದಾರೆ?

ಮೂರನೆಯ ಸಲಹೆ ಫಾರ್ಮ್ಯಾಟ್. ಇದರ ಮೇಲೆ ನನಗಿರುವ ಸಿಟ್ಟು ಉಳಿದೆರಡಕ್ಕಿಂತ ಹೆಚ್ಚು. ತಾಲ್ಲೂಕು ಊರುಗಳ ಡಿಟಿಪಿ ಅಂಗಡಿಗಳಲ್ಲಿ, ಸಣ್ಣ ಮುದ್ರಣಾಲಯಗಳಲ್ಲಿ ವಿಂಡೋಸ್ 7 ಅಥವಾ ಎಕ್ಸ್‌ಪಿ ಇರುವ ಕಂಪ್ಯೂಟರನ್ನು ಜೋಪಾನ ಮಾಡಿಕೊಂಡಿರುವುದು ಜಿಪುಣತನದಿಂದಲ್ಲ. ಅದರಲ್ಲಿ ನುಡಿ ತಂತ್ರಾಂಶದ ಹಳೆಯ ಅಕ್ಷರಗಳಿವೆ, ಪೇಜ್‌ಮೇಕರ್ ಇದೆ. ಆ ಪೇಜ್‌ಮೇಕರಿನ ಕೊನೆಯ ಪ್ರಧಾನ ಆವೃತ್ತಿ ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ತಿಳಿಯದು. ಎಷ್ಟೋ ವರ್ಷದ ಪುಸ್ತಕ, ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆಗಳ ಕಡತ ಆ ರೂಪದಲ್ಲೇ ಇದೆ. ನೆಟ್ ಕಡಿಯುತ್ತಿದೆ ಎಂದು ಕರೆಸಿದರೆ ಬಂದವರು ಮೊದಲು ಮಾಡುವುದು ಫಾರ್ಮ್ಯಾಟ್. ಅಕ್ಷರಗಳು ಹೋದವು, ಕೀಲಿಮಣೆಯ ಜೋಡಣೆ ಹೋಯಿತು, ಹಳೆಯ ಪ್ರಿಂಟರಿನ ಡ್ರೈವರ್ ಹೋಯಿತು. ಎಷ್ಟೋ ಸಲ ಹಳೆಯ ವೈ-ಫೈ ಕಾರ್ಡಿನ ಡ್ರೈವರೂ ಹೋಗಿ, ಅದನ್ನು ಇಳಿಸಿಕೊಳ್ಳಲು ಬೇಕಾದ ನೆಟ್ಟೇ ಇಲ್ಲವಾಗುತ್ತದೆ. ಫಾರ್ಮ್ಯಾಟ್ ಆದ ಮೇಲೆ ಒಂದು ದಿನ ಸರಿಯಾಗಿ ನಡೆದರೆ ಕಾರಣ ಸಿಕ್ಕಿತೆಂದಲ್ಲ. ಕಾರಣವನ್ನು ಹುಡುಕಬಹುದಾಗಿದ್ದ ಕುರುಹುಗಳೆಲ್ಲ ಅಳಿಸಿಹೋದವು, ಮುಂದಿನ ಮಳೆಗೆ ಲೈನು ಮತ್ತೆ ಕಡಿಯುತ್ತದೆ.

ಹಾಗೆಂದು ವಯಸ್ಸಿನಿಂದ ಏನೂ ಕೆಡುವುದಿಲ್ಲ ಎನ್ನುವುದು ಅಪ್ರಾಮಾಣಿಕ. ಕೆಡುವುದು ಏನು, ಅದು ಹೇಗೆ ಕಾಣಿಸಿಕೊಳ್ಳುತ್ತದೆ ಎಂದು ಬಿಡಿಸಿ ಹೇಳಬೇಕು. ಮದರ್‌ಬೋರ್ಡಿನ ಮೇಲಿರುವ ಸಿಆರ್2032 ಎಂಬ 3 ವೋಲ್ಟಿನ ನಾಣ್ಯದಂಥ ಬ್ಯಾಟರಿ ಕೆಲವು ವರ್ಷಗಳಲ್ಲಿ ಮುಗಿಯುತ್ತದೆ. ಆಮೇಲೆ ಕರೆಂಟು ಹೋಗಿ ಬಂದಾಗಲೆಲ್ಲ ಕಂಪ್ಯೂಟರಿನ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಜಿಗಿಯುತ್ತದೆ. ಜಾಲತಾಣಗಳ ಭದ್ರತಾ ಪ್ರಮಾಣಪತ್ರಕ್ಕೆ ಆರಂಭದ ದಿನ, ಮುಕ್ತಾಯದ ದಿನ ಇರುತ್ತವೆ. ಗಡಿಯಾರ ತಪ್ಪಾದರೆ ಬ್ರೌಸರಿಗೆ ಆ ಪತ್ರ ನಂಬಲು ಆಗುವುದಿಲ್ಲ, ಬಹುತೇಕ ತಾಣಗಳು ತೆರೆಯುವುದಿಲ್ಲ. ಕರೆಂಟು ಹೋದ ದಿನವೆಲ್ಲ ನೆಟ್ ಹೋಗುತ್ತದೆ ಎಂಬ ದೂರಿನ ಹಿಂದೆ ಕೈಗಡಿಯಾರದ ಅಂಗಡಿಯಲ್ಲಿ ಸಿಗುವ ಆ ಪುಟ್ಟ ಬ್ಯಾಟರಿ ಇರಬಹುದು. 2021ರ ಸೆಪ್ಟೆಂಬರ್ 30ರಂದು ಇನ್ನೊಂದು ಬಗೆಯ ತೊಂದರೆ ಎದುರಾಯಿತು. ಲಕ್ಷಾಂತರ ತಾಣಗಳು ನೆಚ್ಚಿಕೊಂಡಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ ಆ ದಿನ ಮುಗಿಯಿತು. ನವೀಕರಣ ಕಾಣದ ಹಳೆಯ ಯಂತ್ರಗಳಲ್ಲಿ ಕೆಲವು ತಾಣ ತೆರೆದವು, ಕೆಲವು ತೆರೆಯಲಿಲ್ಲ. ನೋಡುವವರಿಗೆ ಅದು ಅರೆಬರೆ ನೆಟ್ಟಿನಂತೆಯೇ ಕಂಡಿತು.

ವಿಡಿಯೋ ತಡವರಿಸುವುದರಲ್ಲಿ ಮೋಸ ಹೋಗುವುದು ಇನ್ನೂ ಸುಲಭ. ಯೂಟ್ಯೂಬ್ ಇಂದು ವಿಪಿ9, ಎವಿ1 ಎಂಬ ಹೊಸ ಕಟ್ಟಿನಲ್ಲಿ ವಿಡಿಯೋ ಕಳಿಸುತ್ತದೆ. ಹಳೆಯ ಚಿಪ್ಪುಗಳಲ್ಲಿ ಆ ಕಟ್ಟು ಬಿಚ್ಚುವ ಪ್ರತ್ಯೇಕ ಯಂತ್ರಾಂಗವಿಲ್ಲ, ಪ್ರೊಸೆಸರೇ ಒದ್ದಾಡಿ ಬಿಚ್ಚಬೇಕು. ಡೇಟಾ ಬಂದು ಬಿದ್ದಿದೆ, ಬಿಚ್ಚಲು ಆಗುತ್ತಿಲ್ಲ. ವಿಡಿಯೋ ಮೇಲೆ ಬಲ ಗುಂಡಿ ಒತ್ತಿ ಅಂಕಿಅಂಶದ ಕಿಟಕಿ ತೆರೆದರೆ ಕೈಬಿಟ್ಟ ಚೌಕಟ್ಟುಗಳ ಸಂಖ್ಯೆಯೂ ಮುಂಗಡವಾಗಿ ಬಂದ ಸೆಕೆಂಡುಗಳ ಸಂಖ್ಯೆಯೂ ಕಾಣುತ್ತವೆ. ಮುಂಗಡ ತುಂಬಿದ್ದು ಚೌಕಟ್ಟು ಬೀಳುತ್ತಿದ್ದರೆ ತಪ್ಪು ಪ್ರೊಸೆಸರಿನದು, ಗಾತ್ರವನ್ನು 480ಕ್ಕೆ ಇಳಿಸಿ ನೋಡಿ. ಮುಂಗಡವೇ ಸೊನ್ನೆಗೆ ಇಳಿಯುತ್ತಿದ್ದರೆ ಲೈನಿನದು. ಹಾರ್ಡ್‌ಡಿಸ್ಕ್ ನೂರಕ್ಕೆ ನೂರು ದುಡಿಯುತ್ತಿರುವಾಗ ಬ್ರೌಸರು ತೆವಳುವುದನ್ನೂ ನಾವು ನೆಟ್ ನಿಧಾನ ಎಂದೇ ಕರೆಯುತ್ತೇವೆ. ಅಲ್ಲಿ ಎಸ್‌ಎಸ್‌ಡಿ ಹಾಕಿಸಿದರೆ ಯಂತ್ರಕ್ಕೆ ಹೊಸ ಉಸಿರು. ಲ್ಯಾಪ್‌ಟಾಪಿನ ಪರದೆ ಮಡಚುವ ಕೀಲಿನೊಳಗೆ ಹಾದುಹೋಗುವ ವೈ-ಫೈ ಆಂಟೆನಾದ ತಂತಿ ಸವೆದು, ಪರದೆ ಅಲುಗಿದಾಗಲೆಲ್ಲ ಸಿಗ್ನಲ್ ಹೋಗುವುದುಂಟು. ಕಾರ್ಡನ್ನು ಮಲಗಿಸುವ ವಿದ್ಯುತ್ ಉಳಿತಾಯದ ಸೆಟ್ಟಿಂಗಿನಿಂದ ಹತ್ತು ನಿಮಿಷ ಬಿಟ್ಟು ಬಂದರೆ ನೆಟ್ ಇಲ್ಲದಿರುವುದುಂಟು. ಇವೆಲ್ಲ ಯಂತ್ರದ್ದೇ ತಪ್ಪುಗಳು, ಒಪ್ಪುತ್ತೇನೆ. ಪ್ರತಿಯೊಂದಕ್ಕೂ ಕಾರಣವಿದೆ, ಪ್ರತಿಯೊಂದಕ್ಕೂ ಬೇರೆ ಬೇರೆ ಮದ್ದಿದೆ, ಬಹುತೇಕ ಎಲ್ಲವೂ ಹೊಸ ಕಂಪ್ಯೂಟರಿಗಿಂತ ಬಹಳ ಅಗ್ಗ.

ಭದ್ರತೆಯ ಪ್ರಶ್ನೆಯೊಂದು ಉಳಿಯುತ್ತದೆ, ಅದರಲ್ಲಿ ಎದುರು ಪಕ್ಷದವರ ಮಾತು ಸರಿ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2020ರ ಜನವರಿ 14ರಂದು. ಅದರ ಮೇಲೆ ನಡೆಯುವ ಕ್ರೋಮ್‌ನ ಕೊನೆಯ ಆವೃತ್ತಿ 109, 2023ರ ಆರಂಭದ್ದು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂಥ ಯಂತ್ರದಲ್ಲಿ ಬ್ಯಾಂಕಿನ ಕೆಲಸ ಮಾಡಬೇಡಿ ಎಂದು ನಾನೂ ಹೇಳುತ್ತೇನೆ. ಆದರೆ ಇಲ್ಲಿ ಮುಗಿದದ್ದು ತಂತ್ರಾಂಶದ ಆಯುಷ್ಯ, ಯಂತ್ರದ್ದಲ್ಲ. ಅದೇ ಯಂತ್ರದಲ್ಲಿ ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ ಹಾಕಿದರೆ ಇಂದಿನ ಫೈರ್‌ಫಾಕ್ಸ್ ನಡೆಯುತ್ತದೆ, ಕನ್ನಡ ಯೂನಿಕೋಡ್ ಬರಹವೂ ನಡೆಯುತ್ತದೆ. ನುಡಿ, ಪೇಜ್‌ಮೇಕರ್ ಬೇಕೇ ಬೇಕಾದ ಡಿಟಿಪಿ ಯಂತ್ರವನ್ನು ನೆಟ್ಟಿನಿಂದ ಬಿಡಿಸಿಟ್ಟು, ಮೇಲ್ ಕಳಿಸಲು ಬೇರೊಂದನ್ನು ಬಳಸುವುದು ವಿವೇಕ.

ಇಷ್ಟೆಲ್ಲ ಇದ್ದೂ ಹಳೇದಾಯ್ತು ಎಂಬ ತೀರ್ಪು ಗೆಲ್ಲುವುದೇಕೆ? ಅದರಿಂದ ಎಲ್ಲರ ಹೆಗಲೂ ಹಗುರವಾಗುತ್ತದೆ. ಲೈನಿನವರು ಕಂಪ್ಯೂಟರಿನತ್ತ ಬೆರಳು ತೋರಿಸಿದರೆ ಕಂಬ ಹತ್ತುವ ಕೆಲಸ ತಪ್ಪಿತು. ಅಂಗಡಿಯವರಿಗೆ ದುರಸ್ತಿಗಿಂತ ಮಾರಾಟ ಲಾಭದ್ದು. ಮನೆಯ ಮಕ್ಕಳಿಗೆ ದೂರದಿಂದ ಒಂದು ಸಂಜೆ ಕೂತು ತಪಾಸಣೆ ಮಾಡುವುದಕ್ಕಿಂತ ಹೊಸದೊಂದನ್ನು ಆರ್ಡರ್ ಮಾಡುವುದು ಸುಲಭ. ಭಾರ ಬೀಳುವುದು ಮಾತ್ರ ಪಿಂಚಣಿಯಲ್ಲಿ ಬದುಕುವ ಮೇಷ್ಟ್ರ ಮೇಲೆ, ದಾನಿಗಳು ಕೊಟ್ಟ ಹಳೆಯ ಕಂಪ್ಯೂಟರುಗಳನ್ನು ನಂಬಿದ ಹಳ್ಳಿಯ ಶಾಲೆಯ ಮೇಲೆ, ಒಂದೇ ಯಂತ್ರದಿಂದ ಅನ್ನ ದುಡಿಯುವ ಡಿಟಿಪಿಯವರ ಮೇಲೆ. ಶಾಲೆಯಲ್ಲಿ ಹತ್ತು ಕಂಪ್ಯೂಟರುಗಳಿಗೂ ನೆಟ್ ಬರುತ್ತಿಲ್ಲ ಎಂದಾಗ ಹತ್ತೂ ಹಳೆಯವು ಎಂದು ಬರೆದು ಮೂಲೆಗೆ ಹಾಕುವುದಕ್ಕೂ, ಹತ್ತಕ್ಕೂ ಸಮಾನವಾದ ಒಂದು ಸ್ವಿಚ್ಚನ್ನೋ ಒಂದು ಅಡಾಪ್ಟರನ್ನೋ ಬದಲಿಸುವುದಕ್ಕೂ ನಡುವೆ ಇರುವುದು ಮಕ್ಕಳ ಒಂದು ವರ್ಷದ ಕಲಿಕೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಬಿಸಾಡಿದ ಕಂಪ್ಯೂಟರನ್ನು ಏನು ಮಾಡಬೇಕೆಂದು ಹೇಳುತ್ತವೆ. ಬಿಸಾಡುವ ಮುಂಚೆ ಅದು ಕೆಟ್ಟಿದೆಯೇ ಎಂದು ನೋಡುವ ಹೊಣೆ ನಮ್ಮದೇ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಹೊಸದಕ್ಕೆ ದುಡ್ಡು ಕಟ್ಟುವ ಮುಂಚೆ ಒಂದು ವಾರ ಕಂಪ್ಯೂಟರಿನ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ. ನೆಟ್ ಹೋದಾಗಲೆಲ್ಲ ಹೊತ್ತು, ಮಳೆ, ಕರೆಂಟು, ಮೋಟಾರು, ಮನೆಯಲ್ಲಿ ಯಾರಿದ್ದರು, ಪಿಂಗ್‌ನ ಯಾವ ಕಿಟಕಿ ನಿಂತಿತು, ಇಷ್ಟನ್ನು ಬರೆಯಿರಿ. ಒಂದು ಸಂಜೆಯಾದರೂ ವೈ-ಫೈ ಬಿಟ್ಟು ರೌಟರಿನಿಂದ ಕಂಪ್ಯೂಟರಿಗೆ ನೇರ ಕೇಬಲ್ ಹಾಕಿ ನೋಡಿ. ತಪ್ಪು ಲೈನಿನದು ಎಂದು ಕಂಡರೆ ಸಂಪರ್ಕ ಕೊಟ್ಟವರಿಗೆ ದೂರು ಕೊಟ್ಟು ಡಾಕೆಟ್ ಸಂಖ್ಯೆ ಪಡೆಯಿರಿ, ನಿಮ್ಮ ನೋಟ್‌ಬುಕ್ಕಿನ ಪುಟ ತೋರಿಸಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯುವ ಹಕ್ಕು ಗ್ರಾಹಕರಿಗಿದೆ. ಕಂಪ್ಯೂಟರ್ ಹಳೇದಾಯ್ತು ಎಂದು ಯಾರಾದರೂ ಮತ್ತೆ ಹೇಳಿದರೆ, ಕೆಟ್ಟ ಭಾಗ ಯಾವುದೆಂದು ತೋರಿಸಲು ಅವರನ್ನೇ ಕೇಳಿ. ತೋರಿಸುವವರೆಗೆ ದುಡ್ಡು ಕೊಡಬೇಡಿ.